ಬೆಂಗಳೂರಿಗೊಂದು ತಕ್ಕಡಿ, ದಿಲ್ಲಿಗೊಂದು: ದೇವರ ಹಿಪ್ಪರಗಿ ಸೀಮೆಯ ಮತದಾರರ ಚರಿತ್ರೆ

ಕ್ಷೇತ್ರ ಮರುವಿಂಗಡಣೆಯಾದ ಮೇಲೆ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ನಾಲ್ಕು ಸಲ ಶಾಸಕರನ್ನು ಆರಿಸಿದೆ. 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ ಎ.ಎಸ್. ಪಾಟೀಲ ನಡಹಳ್ಳಿ, 2018ರಲ್ಲಿ ಬಿಜೆಪಿಯಿಂದ ಸೋಮನಗೌಡ ಪಾಟೀಲ ಸಾಸನೂರ, 2023ರಲ್ಲಿ ಜೆಡಿಎಸ್‌ನಿಂದ ರಾಜುಗೌಡ ಪಾಟೀಲ ಗೆದ್ದರು. ನಾಲ್ಕು ಚುನಾವಣೆ, ಮೂರು ಪಕ್ಷ, ಗೆದ್ದವರೆಲ್ಲ ಪಾಟೀಲರು. ಮಂದಿ ಅವರನ್ನು ಊರ ಹೆಸರಿನಿಂದ ಗುರುತಿಸುತ್ತಾರೆ: ನಡಹಳ್ಳಿಯವರು, ಸಾಸನೂರವರು, ಕುದರಿ ಸಾಲವಾಡಗಿಯವರು. ಈ ನಾಲ್ಕು ಚುನಾವಣೆಗಳಲ್ಲಿ ಒಬ್ಬ ಮಹಿಳೆಯೂ ಗೆದ್ದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮತದಾರ ಏನನ್ನು ತೂಗುತ್ತಾನೆ ಎಂದು ಕೇಳುವ ಮೊದಲು ಅವನ ಮುಂದೆ ಏನನ್ನು ಇಟ್ಟಿದ್ದಾರೆ ಎಂದು ನೋಡುವುದು ನ್ಯಾಯ.

ಸಾಮಾನ್ಯ ಮತದಾರ ಹೇಗೆ ತೀರ್ಮಾನಕ್ಕೆ ಬರುತ್ತಾನೆ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವರಲ್ಲಿ ಮೊದಲಿಗರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು. 1940ರ ಅಧ್ಯಕ್ಷೀಯ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ವಿಲ್ಕಿ ನಿಂತಿದ್ದರು. ಆಗ ಈ ಸಂಶೋಧಕರು ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಜನರನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಭೇಟಿಯಾಗಿ ಮಾತನಾಡಿಸಿದರು. ಆರು ತಿಂಗಳ ಅಬ್ಬರದ ಪ್ರಚಾರದಲ್ಲಿ ಒಬ್ಬ ಅಭ್ಯರ್ಥಿಯನ್ನು ಬಿಟ್ಟು ಇನ್ನೊಬ್ಬನತ್ತ ವಾಲಿದವರು ಶೇ 8ರಷ್ಟು ಮಾತ್ರ. ಉಳಿದವರಲ್ಲಿ ಬಹುಪಾಲು ಜನ ಮನೆತನ, ಧರ್ಮ, ಕಸುಬು ತೋರಿದ ಪಕ್ಷದಲ್ಲೇ ಉಳಿದರು, ಇಲ್ಲವೇ ತಿರುಗಿ ಅಲ್ಲಿಗೇ ಬಂದರು. ಪತ್ರಿಕೆ, ರೇಡಿಯೋಗಿಂತ ಪಕ್ಕದ ಮನೆಯವರ ಮಾತಿಗೆ ತೂಕ ಹೆಚ್ಚಿತ್ತು. 1944ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನವನ್ನು ವಿಜಯಪುರ ಜಿಲ್ಲೆಯ ಫಲಿತಾಂಶಗಳ ಪಕ್ಕದಲ್ಲಿಟ್ಟರೆ ಅಲ್ಲಿನ ಚಿತ್ರ ಇಲ್ಲಿ ತಿರುಗುಮುರುಗಾಗುತ್ತದೆ. ಈರಿಯಲ್ಲಿ ಪಕ್ಷ ಗಟ್ಟಿ, ಅಭ್ಯರ್ಥಿ ಬಂದು ಹೋಗುವವನು. ದೇವರ ಹಿಪ್ಪರಗಿಯಲ್ಲಿ ಮನೆತನ ಗಟ್ಟಿ, ಪಕ್ಷ ಬಂದು ಹೋಗುವಂಥದು.

ಇದಕ್ಕೆ ಹಳೆಯ ಬೇರುಗಳಿವೆ. 1957ರಲ್ಲಿ, ಕಾಂಗ್ರೆಸ್ಸಿನ ಗಾಳಿ ದೇಶವೆಲ್ಲ ಬೀಸುತ್ತಿದ್ದಾಗ, ಬಿಜಾಪುರ (ಇಂದಿನ ವಿಜಯಪುರ) ಉತ್ತರ ಲೋಕಸಭಾ ಕ್ಷೇತ್ರ ಪಕ್ಷೇತರ ಮುರಿಗೆಪ್ಪ ಸುಗಂಧಿಯವರನ್ನು ಆರಿಸಿತು. ಇದೇ ಜಿಲ್ಲೆಯ ಇಂಡಿ ಕ್ಷೇತ್ರದ ಮಂದಿ 1994, 1999, 2004ರಲ್ಲಿ ಸತತ ಮೂರು ಸಲ ಪಕ್ಷೇತರ ರವಿಕಾಂತ ಪಾಟೀಲರನ್ನು ವಿಧಾನಸಭೆಗೆ ಕಳಿಸಿದರು. ಅವರ ಆಯ್ಕೆಯ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶಿಕ್ಷೆಗೊಳಗಾದ ಅಭ್ಯರ್ಥಿಯ ದೋಷನಿರ್ಣಯಕ್ಕೇ ತಡೆಯಾಜ್ಞೆ ಸಿಕ್ಕರೆ ಅನರ್ಹತೆ ಅನ್ವಯಿಸುವುದಿಲ್ಲ ಎಂಬ 2006ರ ಆ ತೀರ್ಪನ್ನು ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುತ್ತವೆ.

ಚುನಾವಣೆಯ ವಿಷಯವೆಂದರೆ ಇಲ್ಲಿ ಮೊದಲು ನೀರು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲಿಟ್ಟದ್ದು 1964ರ ಮೇ 22ರಂದು. ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವಿನ 42 ವರ್ಷಗಳಲ್ಲಿ ಒಂದಿಡೀ ತಲೆಮಾರು ಮತ ಹಾಕುತ್ತ ಮುದಿಯಾಯಿತು. ಜಲಾಶಯ ತುಂಬಿದ ಮೇಲೂ ಎತ್ತರದ ಎರೆಹೊಲಗಳಿಗೆ ನೀರೆತ್ತಿ ಹರಿಸಬೇಕು. ತೊಗರಿ, ಬಿಳಿಜೋಳ ಬೆಳೆಯುವ ರೈತ ‘ಕೆನಾಲು ನಮ್ಮೂರಿಗೆ ಯಾವಾಗ ಬರತೈತ್ರಿ?’ ಎಂದು ಪ್ರತಿ ಚುನಾವಣೆಯಲ್ಲೂ ಕೇಳುವುದು ಅದಕ್ಕೇ.

ಈ ಪ್ರಶ್ನೆಗೆ ಉತ್ತರ ತಂದವನಿಗೂ ಮತ ಖಾಯಂ ಅಲ್ಲ ಎಂಬುದಕ್ಕೆ ನೆರೆಯ ಸಿಂದಗಿಯೇ ಸಾಕ್ಷಿ. ಜನತಾದಳದ ಎಂ.ಸಿ. ಮನಗೂಳಿ ತಾಲ್ಲೂಕಿಗೆ ನೀರಾವರಿ ಆಗುವ ತನಕ ಚಪ್ಪಲಿ ಮೆಟ್ಟುವುದಿಲ್ಲವೆಂದು ಶಪಥ ಮಾಡಿ ಬರಿಗಾಲಲ್ಲಿ ನಡೆದವರು. 1994ರಲ್ಲಿ ಗೆದ್ದು ದೇವೇಗೌಡರ ಸಂಪುಟ ಸೇರಿದರು, ಗುತ್ತಿ ಬಸವಣ್ಣ ಏತ ನೀರಾವರಿ ಯೋಜನೆ ತಂದರು. ಆ ಋಣಕ್ಕಾಗಿ ಗೋಲಗೇರಿಯಲ್ಲಿ ದೇವೇಗೌಡರ ಪ್ರತಿಮೆಯೇ ನಿಂತಿತು. ಆದರೂ ಮನಗೂಳಿಯವರು ಮತ್ತೆ ಶಾಸಕರಾಗಲು 2018ರವರೆಗೆ, ಅಂದರೆ 24 ವರ್ಷ, ಕಾಯಬೇಕಾಯಿತು. ನಡುವೆ ಸಿಂದಗಿ ಕಾಂಗ್ರೆಸ್ಸಿಗೂ ಬಿಜೆಪಿಗೂ ಒಲಿದಿತ್ತು. ಇದನ್ನು ಕೃತಘ್ನತೆ ಎನ್ನುವುದು ತಪ್ಪಾದೀತು. ಯೋಜನೆ ಮಂಜೂರಾಗುವುದು ಒಂದು, ಹೊಲಕ್ಕೆ ನೀರು ಹರಿಯುವುದು ಇನ್ನೊಂದು. ಈ ಅಂತರ ರೈತನಷ್ಟು ಚೆನ್ನಾಗಿ ಬಲ್ಲವರು ಯಾರು? 2021ರ ಜನವರಿಯಲ್ಲಿ ಮನಗೂಳಿ ತೀರಿಕೊಂಡರು. ಅಕ್ಟೋಬರ್ 30ರ ಉಪಚುನಾವಣೆಯಲ್ಲಿ ಅವರ ಮಗ ಅಶೋಕ ಮನಗೂಳಿ ಕಾಂಗ್ರೆಸ್ಸಿನಿಂದ ನಿಂತು ಬಿಜೆಪಿಯ ರಮೇಶ ಭೂಸನೂರ ಎದುರು 31 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ತಂದೆಯ ಸಾವಿನ ಅನುಕಂಪ ನಡೆಯಲಿಲ್ಲ. ಒಂದೂವರೆ ವರ್ಷ ಕಳೆದು 2023ರಲ್ಲಿ ಅದೇ ಮಂದಿ ಅದೇ ಅಶೋಕರನ್ನು ಗೆಲ್ಲಿಸಿದರು. ದೇವರ ಹಿಪ್ಪರಗಿಯಲ್ಲೂ ಹೀಗೇ ಆಯಿತು: 2018ರಲ್ಲಿ ಮೂರು ಸಾವಿರ ಚಿಲ್ಲರೆ ಮತಗಳಿಂದ ಸೋತಿದ್ದ ರಾಜುಗೌಡರು 2023ರಲ್ಲಿ ಅದೇ ಎದುರಾಳಿಯನ್ನು ಸುಮಾರು 20 ಸಾವಿರ ಮತಗಳಿಂದ ಸೋಲಿಸಿದರು.

ಇಷ್ಟು ಚಂಚಲವಾಗಿ ಕಾಣುವ ಇದೇ ಸೀಮೆ ಲೋಕಸಭೆಯ ವಿಷಯಕ್ಕೆ ಬಂದರೆ ಕದಲುವುದಿಲ್ಲ. 1999ರಿಂದ 2024ರವರೆಗಿನ ಆರೂ ಚುನಾವಣೆಗಳಲ್ಲಿ ಬಿಜಾಪುರ ಲೋಕಸಭಾ ಕ್ಷೇತ್ರವನ್ನು ಬಿಜೆಪಿಯೇ ಗೆದ್ದಿದೆ. 2009ರಲ್ಲಿ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿ, ಬಸನಗೌಡ ಪಾಟೀಲ ಯತ್ನಾಳರ ಜಾಗಕ್ಕೆ ರಮೇಶ ಜಿಗಜಿಣಗಿ ಬಂದಾಗಲೂ ಪಕ್ಷ ಬದಲಾಗಲಿಲ್ಲ. 2023ರ ಮೇ ತಿಂಗಳಲ್ಲಿ ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರು ಕಾಂಗ್ರೆಸ್ಸಿಗೆ, ಬಿಜೆಪಿ ಮತ್ತು ಜೆಡಿಎಸ್‌ಗೆ ಒಂದೊಂದು. ಮರು ವರ್ಷ ಅವೇ ಎಂಟು ಕ್ಷೇತ್ರ ಸೇರಿದ ಲೋಕಸಭಾ ಚುನಾವಣೆಯಲ್ಲಿ ಜಿಗಜಿಣಗಿ ಕಾಂಗ್ರೆಸ್ಸಿನ ರಾಜು ಆಲಗೂರರನ್ನು ಸುಮಾರು 77 ಸಾವಿರ ಮತಗಳಿಂದ ಸೋಲಿಸಿದರು. ಬಿಜೆಪಿ, ಜೆಡಿಎಸ್ ಮೈತ್ರಿಯಿಂದಷ್ಟೇ ಇಷ್ಟು ದೊಡ್ಡ ತಿರುವು ಬಂತೆನ್ನುವುದು ಕಷ್ಟ. ಬೆಂಗಳೂರಿಗೆ ಕಳಿಸುವಾಗ ‘ಈ ಮನಷ್ಯಾ ನಾಳೆ ಕೈಗೆ ಸಿಗತಾನೇನು?’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ದಿಲ್ಲಿಗೆ ಕಳಿಸುವಾಗ ಪಕ್ಷ, ಅದರ ನಾಯಕ. ಕರ್ನಾಟಕದಲ್ಲಿ ಇದು ಹೊಸತೂ ಅಲ್ಲ. 1984ರ ಡಿಸೆಂಬರ್‌ನಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ರಾಜ್ಯ, ಮೂರೇ ತಿಂಗಳಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ವಿಧಾನಸಭಾ ಸ್ಥಾನ ಕೊಟ್ಟಿತ್ತು.

ಈ ನಿಯಮಕ್ಕೆ ದೊಡ್ಡ ಅಪವಾದವೂ ಹತ್ತಿರದಲ್ಲೇ ಇದೆ. 1991ರಲ್ಲಿ, ಬಾಗಲಕೋಟೆ ಇನ್ನೂ ಬಿಜಾಪುರ ಜಿಲ್ಲೆಯಲ್ಲಿದ್ದಾಗ, ಅಲ್ಲಿನ ಲೋಕಸಭಾ ಕ್ಷೇತ್ರಕ್ಕೆ ಅದೇ ಹೆಗಡೆಯವರು ಸ್ಪರ್ಧಿಸಿದ್ದರು. ಎದುರಿಗೆ ಸಿದ್ದು ನ್ಯಾಮಗೌಡ. ಚಿಕ್ಕಪಡಸಲಗಿಯಲ್ಲಿ ರೈತರನ್ನೇ ಕೂಡಿಸಿ, ಅವರ ಹಣ, ಅವರ ಶ್ರಮದಿಂದ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದ್ದವರು. ರಾಷ್ಟ್ರಮಟ್ಟದ ನಾಯಕ ಸೋತರು, ಬ್ಯಾರೇಜು ಕಟ್ಟಿದವರು ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು.

ಮೈಸೂರು ಸೀಮೆಯ ಹಳ್ಳಿಯೊಂದನ್ನು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ 1955ರ ಲೇಖನವೊಂದರಲ್ಲಿ ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಬಳಕೆಗೆ ತಂದರು. ಊರ ಹಿರಿಯರ ಹಿಂದೆ ಓಣಿ ಓಣಿಯೇ ಮತ ಹಾಕುವುದು ಇಲ್ಲೂ ಇದೆ. ಜಾತಿಯ ಲೆಕ್ಕವಿಲ್ಲದೆ ಇಲ್ಲಿ ಯಾರೂ ಟಿಕೆಟ್ ಹಂಚುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಎರಡು ಬಗೆಯ ತೀರ್ಪು ಕೊಡುವ ಮತದಾರರನ್ನು ಆ ಒಂದೇ ಮಾತು ವಿವರಿಸಲಾರದು.

ಈ ಎರಡು ತೀರ್ಪುಗಳನ್ನು ಇನ್ನೂ ಹತ್ತಿರದಿಂದ ನೋಡಬೇಕೆಂದರೆ, ಮತಗಟ್ಟೆವಾರು ಲೆಕ್ಕವಿರುವ ‘ಫಾರಂ 20’ ಹಿಡಿದು 2023 ಮತ್ತು 2024ರ ಅಂಕಿಗಳನ್ನು ಹಳ್ಳಿ ಹಳ್ಳಿಗೆ ಹೋಲಿಸಬಹುದು. ಸಂಶೋಧಕರಿಗೆ ಅದು ನಿಧಿ. ಆದರೆ ಅದೇ ಹಾಳೆ ಗೆದ್ದವರ ಕೈಯಲ್ಲೂ ಇರುತ್ತದೆ. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿ ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಯಾವ ಊರು ಯಾರಿಗೆ ಎಷ್ಟು ಕೊಟ್ಟಿತೆಂಬುದು ಬಯಲು. ಹಲವು ಯಂತ್ರಗಳ ಮತ ಕೂಡಿಸಿ ಎಣಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು, ಕಾನೂನು ಆಯೋಗ 2015ರ ವರದಿಯಲ್ಲಿ ಬೆಂಬಲಿಸಿತು. ಅದು ಇನ್ನೂ ಜಾರಿಗೆ ಬಂದಿಲ್ಲ. ಹೀಗಾಗಿ ಕೆನಾಲು ಕೇಳುವ ಹಳ್ಳಿಯ ರೈತ, ಮತ ಹಾಕುವ ಮುಂಚೆ, ತನ್ನ ಊರಿನ ಲೆಕ್ಕ ನಾಳೆ ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನೂ ತೂಗಬೇಕಾಗಿದೆ.