ಹುದುಗಿಗೆ ಉಮಿಯ ಹೊದಿಕೆ

ಆಷಾಢದ ಮಳೆ ಹಿಡಿದಾಗ ಶೃಂಗೇರಿ ಸೀಮೆಯ ಅಡ್ಡಗದ್ದೆಯಂಥ ಊರಿನಲ್ಲಿ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಿಗೆ ಮೊಸರಾಗಿರುತ್ತದೆಂಬ ಭರವಸೆಯಿಲ್ಲ. ದೋಸೆಹಿಟ್ಟೂ ಉಬ್ಬುವುದಿಲ್ಲ. ಆಗ ಪಾತ್ರೆ ಒಲೆಯ ದಂಡೆಗೆ ಹೋಗುತ್ತದೆ, ಇಲ್ಲವೇ ಕಂಬಳಿ ಹೊದೆಯುತ್ತದೆ. ಕಂಬಳಿ ಬೆಚ್ಚಗೆ ಎನ್ನುತ್ತೇವೆ. ತರಗತಿಯಲ್ಲಿ ಕೇಳಿ ನೋಡಿ: ಮೇಜಿನ ಮೇಲಿನ ಉಷ್ಣಮಾಪಕಕ್ಕೆ ಕಂಬಳಿ ಸುತ್ತಿದರೆ ಪಾದರಸ ಏರುವುದೇ? ಏರುತ್ತದೆ ಎನ್ನುವವರು ಪದವಿ ತರಗತಿಯಲ್ಲೂ ಸಿಗುತ್ತಾರೆ.

ಉಣ್ಣೆ, ತುಪ್ಪಳಗಳ ಗುಣವನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಕೌಂಟ್ ರಮ್‌ಫರ್ಡ್ ಪ್ರಮುಖ. ಎಳೆಗಳ ನಡುವೆ ಸಿಕ್ಕಿಬಿದ್ದು ಚಲಿಸಲಾಗದ ಗಾಳಿಯೇ ಶಾಖವನ್ನು ತಡೆಯುತ್ತದೆಂದು ಅವನು 18ನೆಯ ಶತಮಾನದ ಕೊನೆಯಲ್ಲಿ ತೋರಿಸಿದ. ನಿಶ್ಚಲ ಗಾಳಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವಾಟ್, ಥರ್ಮೊಕೋಲ್‌ನದು 0.035, ಒಣ ಉಮಿಯದು 0.05ರ ಆಸುಪಾಸು. ಗದ್ದೆಯ ಊರಿನಲ್ಲಿ ಬಿಟ್ಟಿಯಾಗಿ ಸಿಗುವ ಉಮಿ ಅಂಗಡಿಯ ಥರ್ಮೊಕೋಲ್‌ಗಿಂತ ಬಹಳ ಹಿಂದೆ ಬಿದ್ದಿಲ್ಲ.

ಹೊದಿಕೆಗೆ ಬಿಸಿ ಯಾವುದು, ತಂಪು ಯಾವುದು ಎಂಬ ಭೇದವಿಲ್ಲ. 1833ರ ಮೇ ತಿಂಗಳಲ್ಲಿ ಫ್ರೆಡರಿಕ್ ಟ್ಯೂಡರನ ಮಂಜುಗಡ್ಡೆ ಹೊತ್ತು ಬಾಸ್ಟನ್‌ನಿಂದ ಹೊರಟ 'ಟಸ್ಕನಿ' ಹಡಗು ಸೆಪ್ಟೆಂಬರಿನಲ್ಲಿ ಕಲ್ಕತ್ತ ಮುಟ್ಟಿತು. ತುಂಬಿದ್ದ 180 ಟನ್ನಿನಲ್ಲಿ ಸುಮಾರು 100 ಟನ್ ಕರಗದೆ ಉಳಿದಿತ್ತು. ಮದ್ರಾಸಿನಲ್ಲಿ 1842ರಲ್ಲಿ ಎದ್ದ ಟ್ಯೂಡರನ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನಲ್ಲಿ ನಿಂತಿದೆ.

ಹುದುಗುವಿಕೆಯಲ್ಲಿ ತಾಪದ ಹಿಡಿತ ಎಷ್ಟು ಮುಖ್ಯವೆಂದು ದುಬಾರಿ ಬೆಲೆ ತೆತ್ತು ಕಲಿತವರು ಯೂರೋಪಿನ ಬೀರ್ ತಯಾರಕರು. ಬೇಸಿಗೆಯ ಬೀರ್ ಕೆಡುತ್ತಿದ್ದುದರಿಂದ 1553ರಲ್ಲಿ ಬವೇರಿಯದ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಅದರ ತಯಾರಿಕೆಯನ್ನೇ ನಿಷೇಧಿಸಿದ. ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದ ಮಂಜುಗಡ್ಡೆಯನ್ನು ನೆಲಮಾಳಿಗೆಗೆ ತುಂಬಿ, ಮೇಲೆ ನೆರಳಿಗೆ ಮರ ಬೆಳೆಸಿದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಶೈತ್ಯಯಂತ್ರ ರೂಪಿಸಿದಾಗ ಅವನ ಮೊದಲ ಗಿರಾಕಿಗಳು ಇವರೇ. ಶಾಖದ ಯಾಂತ್ರಿಕ ಸಮಾನವನ್ನು ಅಳೆದ ಜೌಲ್ ಕೂಡ ಸಾಲ್ಫರ್ಡಿನ ಬೀರ್ ತಯಾರಕನ ಮಗ. ಒಂದು ಡಿಗ್ರಿ ಫ್ಯಾರನ್‌ಹೀಟಿನ 200ನೆಯ ಒಂದು ಭಾಗವನ್ನೂ ಗುರುತಿಸಬಲ್ಲೆ ಎನ್ನುತ್ತಿದ್ದ. (ಪರವಾನಗಿಯಿಲ್ಲದೆ ಮನೆಯಲ್ಲಿ ಬೀರ್ ಮಾಡುವುದು ನಮ್ಮ ರಾಜ್ಯದಲ್ಲಿ ಅಪರಾಧ. ಇಲ್ಲಿ ಅದು ಬಂದಿರುವುದು ಲೆಕ್ಕಕ್ಕಾಗಿ ಮಾತ್ರ.)

ಲೆಕ್ಕ ಹೀಗಿದೆ. 20 ಲೀಟರ್ ದ್ರವದಲ್ಲಿ 2 ಕಿಲೋಗ್ರಾಂ ಸಕ್ಕರೆ ಇದೆಯೆನ್ನಿ. ಯೀಸ್ಟ್ ಅದನ್ನು ಮದ್ಯಸಾರವಾಗಿಸುವಾಗ ಗ್ರಾಂಗೆ ಸುಮಾರು 0.58 ಕಿಲೋಜೌಲ್‌ನಂತೆ 1,160 ಕಿಲೋಜೌಲ್ ಶಾಖ ಹೊಮ್ಮುತ್ತದೆ. ದ್ರವದ ತಾಪ ಒಂದು ಡಿಗ್ರಿ ಏರಲು 84 ಕಿಲೋಜೌಲ್ ಸಾಕು. ಒಂದಿಷ್ಟೂ ಶಾಖ ಹೊರಹೋಗದಿದ್ದರೆ ಏರಿಕೆ ಸುಮಾರು 14 ಡಿಗ್ರಿ! ತಂಪಾಗಿರಲೆಂದು ಪೆಟ್ಟಿಗೆಗೆ ದಪ್ಪ ಥರ್ಮೊಕೋಲ್ ಹಚ್ಚಿ, ಒಳಗೆ ಮಂಜುಗಡ್ಡೆ ಇಡಲು ಮರೆತವನು ಯೀಸ್ಟನ್ನು ತಾನೇ ಬೇಯಿಸಲು ಹೊರಟಂತೆ.

ಮೊಸರಿನ ಪಾತ್ರೆಯ ಕಥೆ ಬೇರೆ. ಅಲ್ಲಿ ಬ್ಯಾಕ್ಟೀರಿಯಗಳು ಹೊಮ್ಮಿಸುವ ಶಾಖ ಅತ್ಯಲ್ಪ. ನೀವು ಇಟ್ಟ ಬಿಸಿಯೇ ಬಂಡವಾಳ. ತಣ್ಣನೆಯ ಹಾಲಿಗೆ ಕಂಬಳಿ ಹೊದಿಸಿದರೆ ಅದು ತಣ್ಣಗೇ ಇರುತ್ತದೆ. 40 ಡಿಗ್ರಿಯ 2 ಲೀಟರ್ ಹಾಲನ್ನು 20 ಡಿಗ್ರಿಯ ಅಡುಗೆಮನೆಯಲ್ಲಿ ಹಾಗೇ ಬಿಟ್ಟರೆ, ನ್ಯೂಟನ್ನನ ತಂಪುಗೊಳ್ಳುವ ನಿಯಮದಂತೆ, 6 ಗಂಟೆಯಲ್ಲಿ 23-24 ಡಿಗ್ರಿಗೆ ಇಳಿದೀತು. ಸುತ್ತ 10 ಸೆಂಟಿಮೀಟರ್ ಉಮಿ ಇದ್ದರೆ, ಉಮಿ ತಾನೇ ಹೀರುವ ಅಲ್ಪ ಶಾಖವನ್ನು ಬಿಟ್ಟರೆ, 36ರ ಹತ್ತಿರ ಉಳಿದೀತು. ಉಮಿ ಮತ್ತು ಉಷ್ಣಮಾಪಕ ಇದ್ದರೆ ಶಾಲೆಯಲ್ಲೇ ಇದನ್ನು ಪರೀಕ್ಷಿಸಬಹುದು.

ಆದರೆ ಉಮಿ ಒಣಗಿರಬೇಕು. ನೀರಿನ ಉಷ್ಣವಾಹಕತೆ 0.6, ಅಂದರೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಮಲೆನಾಡಿನ ಮಳೆಗಾಲದಲ್ಲಿ ನೆಲದ ಮೇಲಿಟ್ಟ ಚೀಲ ವಾರದೊಳಗೆ ತೇವ ಹೀರುತ್ತದೆ. ಪ್ರಯೋಗದ ಉಮಿಯನ್ನು ಒಲೆಯ ಮೇಲಿನ ಅಟ್ಟದಿಂದಲೇ ಇಳಿಸಿಕೊಳ್ಳಿ.