ಹೃದಯದ ವಾಲ್ವ್ ತೀರಾ ಕಿರಿದಾದರೆ ಮುಂದೇನು? ಬಲೂನ್, ಆಪರೇಷನ್, ಟಾವಿ: ಯಾರಿಗೆ ಯಾವುದು

ರಾಯಚೂರು: ಮೆಟ್ಟಿಲು ಹತ್ತಿದರೆ ದಮ್ಮು, ಜೋರಾಗಿ ನಡೆದರೆ ಎದೆ ಹಿಡಿದಂಗೆ, ಒಮ್ಮೊಮ್ಮೆ ಕಣ್ಣು ಕತ್ತಲೆ. ‘ವಯಸ್ಸಾಯ್ತು, ರಕ್ತ ಕಮ್ಮಿ ಐತಿ’ ಅಂತ ಸುಮ್ಮನಾಗುವವರು ದೇವದುರ್ಗ, ಮಾನ್ವಿ ಕಡೆಯೂ ಇದ್ದಾರೆ. ಆದರೆ ಇದು ಹೃದಯದ ವಾಲ್ವ್ ಕಿರಿದಾಗಿರುವ ಲಕ್ಷಣವೂ ಆಗಿರಬಹುದು.

ಪತ್ತೆ ಹೇಗೆ?
ಇಸಿಜಿ ನಾರ್ಮಲ್ ಬಂದರೂ ವಾಲ್ವ್ ತೊಂದರೆ ಇರಬಹುದು. ಎಕೋ ಪರೀಕ್ಷೆಯಲ್ಲೇ ಖಚಿತವಾಗುವುದು. ಅಯೋರ್ಟಿಕ್ ವಾಲ್ವ್ 1 ಚದರ ಸೆಂ.ಮೀ., ಮೈಟ್ರಲ್ ವಾಲ್ವ್ 1.5 ಚದರ ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆಯಾದರೆ ‘ತೀವ್ರ’ ಎನ್ನುತ್ತಾರೆ. ಮಾತ್ರೆಯಿಂದ ದಮ್ಮು ತಗ್ಗಬಹುದು, ವಾಲ್ವ್ ಅಗಲ ಆಗುವುದಿಲ್ಲ.

ಮೈಟ್ರಲ್ ವಾಲ್ವ್
ಚಿಕ್ಕಂದಿನ ಗಂಟಲು ಸೋಂಕಿನಿಂದ ಬರುವ ರುಮ್ಯಾಟಿಕ್ ಜ್ವರವೇ ಮುಖ್ಯ ಕಾರಣ. ಹೆಣ್ಣುಮಕ್ಕಳಲ್ಲಿ ಹೆಚ್ಚು. ಎಷ್ಟೋ ಸಲ ಬಸಿರಿದ್ದಾಗಲೇ ಗೊತ್ತಾಗುತ್ತದೆ. ತೊಡೆಸಂದಿನ ರಕ್ತನಾಳದಿಂದ ಬಲೂನ್ ಕಳಿಸಿ ವಾಲ್ವ್ ಬಿಡಿಸಬಹುದು, ಎದೆ ಕೊಯ್ಯಬೇಕಿಲ್ಲ. ವಾಲ್ವ್‌ನಲ್ಲಿ ಸುಣ್ಣ ಕಟ್ಟಿದ್ದರೆ, ಸೋರಿಕೆ ಜಾಸ್ತಿ ಇದ್ದರೆ ಅಥವಾ ಹೃದಯದೊಳಗೆ ರಕ್ತದ ಗಡ್ಡೆ ಇದ್ದರೆ ಬಲೂನ್ ಆಗದು.

ಅಯೋರ್ಟಿಕ್ ವಾಲ್ವ್
ಇದು ವಯಸ್ಸಾದವರಲ್ಲಿ ಹೆಚ್ಚು. ದಮ್ಮು, ಎದೆನೋವು, ತಲೆಸುತ್ತಿ ಬೀಳುವುದು ಶುರುವಾದ ಮೇಲೆ ಚಿಕಿತ್ಸೆ ಇಲ್ಲದೆ ಬಿಟ್ಟರೆ ಸಾಮಾನ್ಯವಾಗಿ ಎರಡು–ಮೂರು ವರ್ಷದಲ್ಲೇ ಜೀವಕ್ಕೆ ಕುತ್ತು. ವಾಲ್ವ್ ಬದಲಿಸುವುದೇ ಪರಿಹಾರ. ಚಿಕ್ಕ ವಯಸ್ಸಿನವರಿಗೆ, ಗಟ್ಟಿಮುಟ್ಟಾಗಿರುವವರಿಗೆ ತೆರೆದ ಆಪರೇಷನ್. ಹಿರಿಯರಿಗೆ, ಆಪರೇಷನ್ ತಾಳಲಾರದವರಿಗೆ ರಕ್ತನಾಳದ ಮೂಲಕ ಕೂರಿಸುವ ಟಾವಿ. 2002ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಮಾಡಿದ ಈ ವಿಧಾನ ದುಬಾರಿ. ಲಕ್ಷಣವೇ ಇಲ್ಲದವರಿಗೆ ಕೆಲವೊಮ್ಮೆ ಆರು ತಿಂಗಳಿಗೊಮ್ಮೆ ಎಕೋ ಮಾಡಿಸಿ ಕಾಯಬಹುದು. ಹೃದಯದ ಪಂಪಿಂಗ್ 50%ಗಿಂತ ಇಳಿದರೆ ಕಾಯುವಂತಿಲ್ಲ.

ಯಾವ ವಾಲ್ವ್?
ಲೋಹದ ವಾಲ್ವ್ ದೀರ್ಘಕಾಲ ಬಾಳುತ್ತದೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ, ಐಎನ್‌ಆರ್ ರಕ್ತ ಪರೀಕ್ಷೆ ಆಗಾಗ. ಮಾತ್ರೆ ಬಿಟ್ಟರೆ ವಾಲ್ವ್ ಕಟ್ಟಿಕೊಂಡು ಪ್ರಾಣಾಪಾಯ. ಪ್ರಾಣಿ ಅಂಗಾಂಶದ ವಾಲ್ವ್‌ಗೆ ಈ ಗೋಜು ಕಡಿಮೆ, ಆದರೆ ಸಾಮಾನ್ಯವಾಗಿ 10–15 ವರ್ಷಕ್ಕೆ ಸವೆಯುತ್ತದೆ. ಹಳ್ಳಿಯಿಂದ ಪರೀಕ್ಷೆಗೆ ತಪ್ಪದೆ ಬರಲು ಆಗುತ್ತದೋ, ಮುಂದೆ ಮಕ್ಕಳು ಬೇಕೋ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಈ ಮಾತ್ರೆಗಳಲ್ಲಿ ಕೆಲವು ಬಸಿರಲ್ಲಿ ಮಗುವಿಗೆ ಅಪಾಯ.

ಎಲ್ಲಿ, ಹೇಗೆ?
ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ರಾಯಚೂರಿನ ರಿಮ್ಸ್. ಮುಂದಿನ ಚಿಕಿತ್ಸೆಗೆ ಕಲಬುರಗಿ ಅಥವಾ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಯಾವ ವಾಲ್ವ್ ಯೋಜನೆಯಲ್ಲಿ ಬರುತ್ತದೆ, ಕೈಯಿಂದ ಎಷ್ಟು ಎಂದು ದಾಖಲಾಗುವ ಮುಂಚೆಯೇ ಆರೋಗ್ಯಮಿತ್ರರನ್ನು ಕೇಳಿ. ಹಳೇ ಎಕೋ ರಿಪೋರ್ಟ್ ಬಿಸಾಡಬೇಡಿ.