ಪ್ರತಿನಿಧಿಧರ್ಮ: ಎಡ್ಮಂಡ್ ಬರ್ಕನೂ ಬ್ರಿಸ್ಟಲ್ ಪಟ್ಟಣದ ಮತದಾರರೂ (1774–1780)

ಪ್ರಜೆಗಳಿಂದ ಆರಿಸಲ್ಪಟ್ಟು ರಾಜ್ಯದ ಮಹಾಸಭೆಗೆ ಹೋದವನು ತನ್ನನ್ನು ಕಳುಹಿಸಿದವರ ಮಾತಿಗೆ ಕಟ್ಟುಬಿದ್ದವನೋ, ಇಲ್ಲವೇ ತನ್ನ ವಿವೇಕಕ್ಕೆ ತಾನೇ ಹೊಣೆಯಾದವನೋ ಎಂಬ ಪ್ರಶ್ನೆಯು ಪ್ರಾತಿನಿಧಿಕ ರಾಜ್ಯಪದ್ಧತಿಯೊಡನೆಯೇ ಹುಟ್ಟಿದುದಾಗಿದೆ. 1909ರಲ್ಲಿ ಆರ್. ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ ಎಂದು ಮೂರು ವಿಧವಾಗಿ ವಿಂಗಡಿಸಲ್ಪಟ್ಟಿರುವರು. ಕಾರ್ಯವನ್ನೆಲ್ಲ ತನ್ನ ಬುದ್ಧಿಗೆ ಒಪ್ಪಿಸಿಕೊಂಡವನು ಮೊದಲನೆಯವನು. ಗೊತ್ತಾದ ಮೇರೆಯೊಳಗೆ ನಡೆದುಕೊಳ್ಳತಕ್ಕವನು ಎರಡನೆಯವನು. ಕೊಟ್ಟ ಓಲೆಯನ್ನು ಮುಟ್ಟಿಸುವಷ್ಟೇ ಅಧಿಕಾರವುಳ್ಳವನು ಮೂರನೆಯವನು. ದೂತನನ್ನು ಕಳುಹಿಸುವವನು ಒಬ್ಬ ಅರಸನು. ಪ್ರತಿನಿಧಿಯನ್ನು ಕಳುಹಿಸುವವರಾದರೋ ನಾನಾ ಮತಿಯ ಸಾವಿರಾರು ಮಂದಿ. ಆದುದರಿಂದ ಈ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಆದರೂ ಪ್ರತಿನಿಧಿಯು ಈ ಮೂವರಲ್ಲಿ ಯಾರಂತಿರಬೇಕೆಂಬ ವಿವಾದವು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಆರು ವರ್ಷಗಳ ಕಾಲ ನಡೆದು, ಒಬ್ಬ ಮಹಾಪುರುಷನ ಸ್ಥಾನಚ್ಯುತಿಯಲ್ಲಿ ಪರ್ಯವಸಾನವಾಯಿತು.

ಎಡ್ಮಂಡ್ ಬರ್ಕನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದವನು. ತಂದೆ ಪ್ರಾಟೆಸ್ಟೆಂಟ್ ಮತದ ವಕೀಲ. ತಾಯಿ ರೋಮನ್ ಕ್ಯಾಥೊಲಿಕ್ ಮತದವಳು. 1765ರಲ್ಲಿ ರಾಕಿಂಗ್‌ಹ್ಯಾಂ ಪ್ರಭುವಿನ ಕಾರ್ಯದರ್ಶಿಯಾಗಿ, ಆ ವರ್ಷದ ಕೊನೆಯಲ್ಲಿ ವೆಂಡೋವರ್ ಎಂಬ ಸಣ್ಣ ಕ್ಷೇತ್ರದಿಂದ ಕಾಮನ್ಸ್ ಸಭೆಯನ್ನು ಸೇರಿದನು. 1774ರ ಅಕ್ಟೋಬರಿನಲ್ಲಿ ಬ್ರಿಸ್ಟಲಿನ ಕೆಲವು ವರ್ತಕರು ಅವನನ್ನು ತಮ್ಮ ಪಟ್ಟಣದ ಪರವಾಗಿ ನಿಲ್ಲಲು ಕರೆದಾಗ ಅಲ್ಲಿ ಮತಗ್ರಹಣವು ಆಗಲೇ ಮೊದಲಾಗಿದ್ದಿತು. ಅವನು ದೂರದ ಮಾಲ್ಟನ್ ಎಂಬ ಊರಿನಿಂದ ಹಗಲಿರುಳು ಪ್ರಯಾಣಮಾಡಿ ಬಂದನು. ಅಮೆರಿಕ, ವೆಸ್ಟ್ ಇಂಡೀಸ್ ಮತ್ತು ಆಫ್ರಿಕಗಳೊಡನೆ ವ್ಯಾಪಾರ ನಡೆಸುತ್ತಿದ್ದ ಆ ಬಂದರಿನಲ್ಲಿ ಸುಮಾರು 5,000 ಮಂದಿಗೆ ಮತಾಧಿಕಾರವಿದ್ದಿತು; ಆ ಕಾಲಕ್ಕೆ ಇದು ದೊಡ್ಡ ಸಂಖ್ಯೆಯೇ ಸರಿ. ಒಬ್ಬೊಬ್ಬನಿಗೂ ಎರಡೆರಡು ಮತಗಳು. ಹೆನ್ರಿ ಕ್ರೂಗರನಿಗೆ 3,565, ಬರ್ಕನಿಗೆ 2,707, ಮ್ಯಾಥ್ಯೂ ಬ್ರಿಕ್‌ಡೇಲನಿಗೆ 2,456 ಮತಗಳು ಬಂದುವು. ಹಿಂದಿನ ಸದಸ್ಯನಾದ ಕ್ಲೇರ್ ಪ್ರಭುವು ಮೊದಲಿನಲ್ಲಿಯೇ ಹಿಂದೆಗೆದನು. ಮೊದಲನೆಯ ಇಬ್ಬರು ಆಯ್ಕೆಯಾದರು.

ಫಲಿತಾಂಶವು ಗೊತ್ತಾದ ನವೆಂಬರ್ 3ರಂದು ಇಬ್ಬರೂ ಮತದಾರರಿಗೆ ವಂದನೆಗಳನ್ನರ್ಪಿಸಿದರು. ನ್ಯೂಯಾರ್ಕಿನಲ್ಲಿ ಹುಟ್ಟಿದವನಾದ ಕ್ರೂಗರನು, ಮತದಾರರ ಆದೇಶಗಳಿಗೆ ತಾನು ಬದ್ಧನೆಂದು ಒಪ್ಪಿಕೊಂಡನು. ಬರ್ಕನು ಹಾಗೆ ಒಪ್ಪಲಿಲ್ಲ. ಮತದಾರರೊಡನೆ ನಿಕಟವಾದ ಸಂಪರ್ಕವನ್ನಿಟ್ಟುಕೊಳ್ಳುವುದೂ, ಅವರ ಇಷ್ಟಕ್ಕೆ ಗೌರವ ಕೊಡುವುದೂ, ತನ್ನ ಸುಖವನ್ನು ಅವರ ಹಿತಕ್ಕಾಗಿ ಬಿಡುವುದೂ ಪ್ರತಿನಿಧಿಯ ಕರ್ತವ್ಯವೇ. ಆದರೆ ತನ್ನ ನಿಷ್ಪಕ್ಷಪಾತವಾದ ವಿವೇಕವನ್ನು ಮಾತ್ರ ಅವನು ಯಾರಿಗೂ ಒಪ್ಪಿಸತಕ್ಕದ್ದಲ್ಲ. ಪಾರ್ಲಿಮೆಂಟು ಬೇರೆಬೇರೆ ಊರುಗಳ ವಕೀಲರು ಕಾದಾಡುವ ಸ್ಥಳವಲ್ಲ, ಇಡೀ ರಾಷ್ಟ್ರದ ಹಿತವನ್ನು ವಿಚಾರಮಾಡುವ ಒಂದೇ ಸಭೆ. ಇದು ಅವನ ಭಾಷಣದ ಸಾರಾಂಶ. ಕೌಟಿಲ್ಯನ ಮಾತಿನಲ್ಲಿ ಹೇಳುವುದಾದರೆ, ಕ್ರೂಗರನು ಶಾಸನಹರನಾಗಲು ಒಪ್ಪಿದನು. ಬರ್ಕನು ನಿಸೃಷ್ಟಾರ್ಥತ್ವವನ್ನು ಕೇಳಿದನು.

ಪ್ರತಿನಿಧಿಯ ನಡತೆಯು ಮತದಾರರಿಗೆ ತಿಳಿಯುವ ಬಗೆ ಅಂದು ಬೇರೆಯಾಗಿದ್ದಿತು. ಮತದಾರನು ಎಲ್ಲರ ಮುಂದೆ ಬಹಿರಂಗವಾಗಿ ತನ್ನ ಮತವನ್ನು ಹೇಳಬೇಕು. ಅದು ಪುಸ್ತಕದಲ್ಲಿ ಬರೆಯಲ್ಪಡುತ್ತಿದ್ದಿತು. ಗುಪ್ತಮತದಾನವು 1872ರವರೆಗೆ ಬರಲಿಲ್ಲ. ಪ್ರತಿನಿಧಿಯು ಸಭೆಯಲ್ಲಿ ಯಾವ ಕಡೆಗೆ ಮತಕೊಟ್ಟನೆಂಬುದನ್ನಾದರೋ ಕಾಮನ್ಸ್ ಸಭೆಯು ತಾನಾಗಿ ಕ್ರಮವಾಗಿ ಪ್ರಕಟಿಸಲು ತೊಡಗಿದುದು 1836ರಲ್ಲಿ. ಹೀಗೆ ಮತದಾರನ ಮತವು ಬಯಲು, ಪ್ರತಿನಿಧಿಯ ಮತವು ಮರೆ ಎಂಬಂತಿದ್ದಿತು. ಈ ಕಾಲದಲ್ಲಿ ಬರ್ಕನು ತನ್ನ ನಡತೆಯ ಕಾರಣಗಳನ್ನು ತಾನೇ ಪತ್ರಗಳ ಮೂಲಕ ತಿಳಿಸಿ, ಅವುಗಳನ್ನು ಅಚ್ಚುಹಾಕಿಸಿದನೆಂಬುದು ಗಮನಾರ್ಹವಾದುದು.

ಅವನು ಪಟ್ಟಣದ ಕೆಲಸಗಳನ್ನು ಅಲಕ್ಷ್ಯಮಾಡಿದವನೂ ಅಲ್ಲ. ಬ್ರಿಸ್ಟಲಿನಲ್ಲಿ ಪಿಂಗಾಣಿಯನ್ನು ತಯಾರಿಸುತ್ತಿದ್ದ ರಿಚರ್ಡ್ ಚಾಂಪಿಯನ್ನನು ತನ್ನ ಪೇಟೆಂಟಿನ ಅವಧಿಯನ್ನು ಹೆಚ್ಚಿಸಿಕೊಳ್ಳಲು 1775ರಲ್ಲಿ ಪಾರ್ಲಿಮೆಂಟಿಗೆ ಬಂದಾಗ ಬರ್ಕನು ಅವನಿಗೆ ನೆರವಾದನು. ಅದೇ ವರ್ಷದ ಮಾರ್ಚ್ 22ರಂದು ಅಮೆರಿಕದೊಡನೆ ಸಂಧಿಯಾಗಬೇಕೆಂದು ಅವನು ತಂದ ಸೂಚನೆಯು 78ಕ್ಕೆ 270 ಮತಗಳಿಂದ ಬಿದ್ದುಹೋಯಿತು. 1777ರಲ್ಲಿ ಬಂಧಿತರ ರಕ್ಷಣೆಯ ಹೇಬಿಯಸ್ ಕಾರ್ಪಸ್ ಕಾನೂನನ್ನು ಭಾಗಶಃ ತಡೆಹಿಡಿಯುವ ಮಸೂದೆಯು ಬಂದಾಗ ಅವನ ಪಕ್ಷದವರು ಸಭೆಗೆ ಹೋಗುವುದನ್ನು ಬಹುಮಟ್ಟಿಗೆ ಬಿಟ್ಟಿದ್ದರು. ತಾನು ಅದನ್ನು ಸಭೆಯಲ್ಲಿ ಏಕೆ ಪ್ರತಿಭಟಿಸಲಿಲ್ಲವೆಂಬುದನ್ನು ಏಪ್ರಿಲ್ 3ರಂದು ಬ್ರಿಸ್ಟಲಿನ ಷೆರೀಫರಿಗೆ ಬರೆದ ದೀರ್ಘಪತ್ರದಲ್ಲಿ ಅವನು ವಿವರಿಸಿದನು. ಕೊಟ್ಟ ಮತಕ್ಕೆ ಮಾತ್ರವಲ್ಲ, ಕೊಡದ ಮತಕ್ಕೂ ಉತ್ತರ ಹೇಳಬೇಕೆಂಬುದನ್ನು ಅವನು ನಡೆದು ತೋರಿಸಿದನು.

ವಿರಸವು ಬೆಳೆದುದು ಐರ್ಲೆಂಡಿನ ವಿಷಯದಲ್ಲಿ. ಆ ದೇಶದ ವ್ಯಾಪಾರಕ್ಕೆ ಹಾಕಿದ್ದ ಕಟ್ಟುಗಳನ್ನು ಸಡಿಲಿಸುವ ಸೂಚನೆಯು 1778ರ ಏಪ್ರಿಲಿನಲ್ಲಿ ಸಭೆಗೆ ಬಂದಿತು. ಅದನ್ನು ತಂದ ನ್ಯೂಜೆಂಟ್ ಪ್ರಭುವು ಬೇರೆ ಯಾರೂ ಅಲ್ಲ. 1774ರಲ್ಲಿ ಬ್ರಿಸ್ಟಲಿನಲ್ಲಿ ಹಿಂದೆಗೆದ ಕ್ಲೇರ್ ಪ್ರಭುವೇ. ಐರಿಷ್ ಸರಕು ಅಗ್ಗವಾಗಿ ಬಂದರೆ ತಮ್ಮ ವ್ಯಾಪಾರವು ಕೆಡುವುದೆಂದು ಬ್ರಿಸ್ಟಲಿನ ವರ್ತಕರು ಅದನ್ನು ವಿರೋಧಿಸಿದರು. ಬರ್ಕನು ಏಪ್ರಿಲ್ 23ರಂದು ವರ್ತಕಸಂಘದ ಅಧ್ಯಕ್ಷನಾದ ಸ್ಯಾಮ್ಯುಯಲ್ ಸ್ಪ್ಯಾನನಿಗೂ, ಮೇ 2ರಂದು ಒಂದು ವರ್ತಕಸಂಸ್ಥೆಗೂ ಪತ್ರಗಳನ್ನು ಬರೆದು, ಒಬ್ಬನ ಏಳಿಗೆಯು ಮತ್ತೊಬ್ಬನ ಹಾನಿಯೆಂದು ಭಾವಿಸುವುದು ಸರಿಯಲ್ಲವೆಂದು ವಾದಿಸಿದನು. ಇದರಿಂದ ತನ್ನ ಸ್ಥಾನವು ಹೋದರೆ, ಮತದಾರರು ತಪ್ಪುದಾರಿಯಲ್ಲಿರುವರೆಂದು ತೋರಿದಾಗ ಅವರನ್ನು ಎದುರಿಸಿದವನು ಒಬ್ಬನಾದರೂ ಇದ್ದನೆಂಬುದಕ್ಕೆ ಅದು ನಿದರ್ಶನವಾಗಿ ಉಳಿಯಲಿ ಎಂದೂ ತಿಳಿಸಿದನು. ಆ ವರ್ಷ ಐರ್ಲೆಂಡಿಗೆ ದೊರೆತುದು ಅತ್ಯಲ್ಪ. ಆಮೇಲೆ ಅಲ್ಲಿ ಸ್ವಯಂಸೇವಕರ ಪಡೆಗಳು ಎದ್ದು ನಿಲ್ಲಲು, 1779ರ ಕೊನೆಯಿಂದ 1780ರ ಮೊದಲಿನವರೆಗೆ ನಾರ್ತ್ ಪ್ರಭುವಿನ ಸರಕಾರವು ಅದಕ್ಕಿಂತ ಬಹುಪಾಲು ಹೆಚ್ಚಾದುದನ್ನು ಕೊಡಬೇಕಾಯಿತು. ಪ್ರೀತಿಯಿಂದ ಕೊಡಬಹುದಾಗಿದ್ದುದನ್ನು ಭೀತಿಯಿಂದ ಕೊಟ್ಟಂತಾಯಿತು.

ಅದೇ 1778ರಲ್ಲಿ ಸರ್ ಜಾರ್ಜ್ ಸ್ಯಾವಿಲನು ತಂದ ಕಾನೂನು ಕ್ಯಾಥೊಲಿಕರ ಮೇಲಣ ಕ್ರೂರವಾದ ಕೆಲವು ನಿರ್ಬಂಧಗಳನ್ನು ತೆಗೆಯಿತು. ಬರ್ಕನು ಅದಕ್ಕೆ ಬೆಂಬಲವಾಗಿದ್ದನು. 1780ರ ಜೂನಿನಲ್ಲಿ ಲಂಡನ್ನಿನಲ್ಲಿ ಆ ಕಾನೂನಿನ ವಿರುದ್ಧ ಘೋರವಾದ ದೊಂಬಿಯೆದ್ದಿತು. ಇನ್ನು ಸಾಲ ತೀರಿಸಲಾರದವರನ್ನು ಸಾಲಿಗನು ತನ್ನ ಇಚ್ಛೆಯಂತೆ ಸೆರೆಯಲ್ಲಿಡಿಸುವ ಪದ್ಧತಿಯನ್ನು ಮಿತಗೊಳಿಸಲು ಬೋಶಾಂ ಪ್ರಭುವು ತಂದ ಮಸೂದೆಗೂ ಅವನು ಅನುಕೂಲನಾದನು. ಬ್ರಿಸ್ಟಲಿನ ವರ್ತಕರು ಅದನ್ನೂ ವಿರೋಧಿಸಿ ಅರ್ಜಿ ಕಳುಹಿಸಿದ್ದರು.

1780ರ ಸೆಪ್ಟೆಂಬರ್ 6ರಂದು ಬ್ರಿಸ್ಟಲಿನ ಗಿಲ್ಡ್‌ಹಾಲಿನಲ್ಲಿ ಬರ್ಕನು ತನ್ನ ಮೇಲಣ ನಾಲ್ಕು ಆಕ್ಷೇಪಗಳಿಗೆ ಉತ್ತರಕೊಟ್ಟನು: ಪಟ್ಟಣಕ್ಕೆ ಬಾರದಿದ್ದುದು, ಐರ್ಲೆಂಡಿನ ವ್ಯಾಪಾರ, ಸಾಲಗಾರರ ಮಸೂದೆ, ಕ್ಯಾಥೊಲಿಕರ ವಿಮೋಚನೆ. ಕೊನೆಯ ಮೂರರಲ್ಲಿ ಅವನು ಒಂದು ಹೆಜ್ಜೆಯನ್ನೂ ಹಿಂದಕ್ಕಿಡಲಿಲ್ಲ. ಗೆಲ್ಲುವ ಸಂಭವವಿಲ್ಲವೆಂದು ಕಂಡು 9ರಂದು ಸ್ಪರ್ಧೆಯಿಂದ ಹಿಂದೆಗೆದನು. ಬ್ರಿಕ್‌ಡೇಲನೂ ಸರ್ ಹೆನ್ರಿ ಲಿಪಿನ್‌ಕಾಟನೂ ಆಯ್ಕೆಯಾದರು.

ಈ ವೃತ್ತಾಂತದಿಂದ ಬರ್ಕನ ಪಕ್ಷವೇ ಸತ್ಯ, ಮತದಾರರದು ಅವಿವೇಕ ಎಂದು ತೀರ್ಮಾನಿಸುವುದು ಸುಲಭ. ಆದರೆ ಅದು ಪೂರ್ಣವಾದ ವಿಚಾರವಲ್ಲ. ಮೊದಲನೆಯದಾಗಿ, ಬಾರದಿದ್ದುದೆಂಬ ಆಕ್ಷೇಪವು ನಿರಾಧಾರವಲ್ಲ. ಆರು ವರ್ಷಗಳಲ್ಲಿ ಅವನು ಪಟ್ಟಣಕ್ಕೆ ಬಂದುದು ವಿರಳ. ಸಭೆಯ ಕೆಲಸವೇ ಅದಕ್ಕೆ ಕಾರಣವೆಂದು ಅವನು ಹೇಳಿದುದು ನಿಜವಾದರೂ, 1774ರಲ್ಲಿ ನಿಕಟಸಂಪರ್ಕವನ್ನು ಕರ್ತವ್ಯವೆಂದು ಸಾರಿದವನೂ ಅವನೇ. ಪತ್ರವು ವಾದವನ್ನು ತಿಳಿಸಬಲ್ಲುದು, ವಿಶ್ವಾಸವನ್ನು ಬೆಳೆಸಲಾರದು. ಎರಡನೆಯದಾಗಿ, ಬ್ರಿಸ್ಟಲನ್ನು ಕಳೆದುಕೊಂಡ ಬರ್ಕನು ಅದೇ ವರ್ಷ ರಾಕಿಂಗ್‌ಹ್ಯಾಂ ಪ್ರಭುವಿನ ವಶದಲ್ಲಿದ್ದ ಮಾಲ್ಟನ್ ಕ್ಷೇತ್ರದಿಂದ ಸಭೆಗೆ ಮರಳಿ, 1794ರವರೆಗೆ ಅಲ್ಲಿಂದಲೇ ಸದಸ್ಯನಾಗಿದ್ದನು. ಸಾವಿರಾರು ಮತದಾರರ ಆದೇಶವನ್ನು ಒಲ್ಲದ ಸ್ವಾತಂತ್ರ್ಯಕ್ಕೆ ಒಬ್ಬ ಶ್ರೀಮಂತನ ಆಶ್ರಯವು ಆಧಾರವಾಗಿದ್ದಿತೆಂಬುದನ್ನು ಮರೆಯಲಾಗದು. ಆದರೆ ಆದೇಶಕ್ಕೆ ತಲೆಬಾಗಿದ ಕ್ರೂಗರನೂ 1780ರಲ್ಲಿ ಸೋತನು. ಶಾಸನಹರತ್ವವು ಅವನನ್ನು ಕಾಯಲಿಲ್ಲ.

ಮೂರನೆಯದೂ ಮುಖ್ಯವಾದುದೂ ಬೇರೊಂದುಂಟು. ಬರ್ಕನಿಗೆ ಸ್ಥಾನನಷ್ಟವನ್ನುಂಟುಮಾಡಿದ ಮೂರು ವಿಷಯಗಳಲ್ಲಿ ಅವನು ಯಾರ ಪರವಾಗಿ ನಿಂತನು? ಐರ್ಲೆಂಡಿನ ನೆಯ್ಗೆಯವರು, ಕ್ಯಾಥೊಲಿಕರು, ಸೆರೆಯಲ್ಲಿದ್ದ ಸಾಲಗಾರರು. ಇವರಲ್ಲಿ ಬ್ರಿಸ್ಟಲಿನ ಚುನಾವಣೆಯಲ್ಲಿ ಅವನನ್ನು ಉಳಿಸಬಲ್ಲವರು ಒಬ್ಬರೂ ಇರಲಿಲ್ಲವೆಂದರೂ ಸಲ್ಲುವುದು. ಮತವುಳ್ಳವರ ಆದೇಶವನ್ನೇ ಪ್ರತಿನಿಧಿಯು ಪಾಲಿಸಬೇಕೆಂದಾದರೆ, ಮತವಿಲ್ಲದವರ ಗೋಳನ್ನು ಆ ಸಭೆಯಲ್ಲಿ ಹೇಳತಕ್ಕವರು ಯಾರು? ನಿಸೃಷ್ಟಾರ್ಥತ್ವಕ್ಕೆ ಬರ್ಕನ ವಾದಕ್ಕಿಂತಲೂ ಬಲವಾದ ಸಮರ್ಥನೆಯು ಅವನು ಕೊಟ್ಟ ಮತಗಳಲ್ಲಿಯೇ ಇದೆ.

ಬ್ರಿಸ್ಟಲನ್ನು ಬಿಟ್ಟ ಮೇಲೆಯೂ ಅವನು ಮತವಿಲ್ಲದವರ ಕಡೆಗೇ ತಿರುಗಿದನು. 1780ರಲ್ಲಿ ಮೈಸೂರಿನ ಹೈದರಾಲಿಯು ಕರ್ನಾಟಿಕ್ ಪ್ರಾಂತದ ಮೇಲೆ ನಡೆಸಿದ ದಾಳಿಯನ್ನೂ, ಅದಕ್ಕೆ ಕಾರಣವಾದ ಕಂಪೆನಿಯವರ ಕುಟಿಲನೀತಿಯನ್ನೂ 1785ರ ಫೆಬ್ರವರಿ 28ರಂದು ಆರ್ಕಾಟಿನ ನವಾಬನ ಸಾಲಗಳನ್ನು ಕುರಿತ ಭಾಷಣದಲ್ಲಿ ವರ್ಣಿಸಿದವನು ಈ ಮಾಲ್ಟನ್ನಿನ ಸದಸ್ಯನೇ. ಮುಂದೆ ಭಾರತದಲ್ಲಿ 1985ರ 52ನೆಯ ಸಂವಿಧಾನ ತಿದ್ದುಪಡಿಯು, ಪಕ್ಷದ ಆಜ್ಞೆಯನ್ನು ಮೀರಿ ಮತಕೊಟ್ಟ ಸದಸ್ಯನು ಸ್ಥಾನವನ್ನು ಕಳೆದುಕೊಳ್ಳುವಂತೆ ವಿಧಿಸಿತು. ಹೀಗೆ ಮತದಾರ, ವಿವೇಕ ಎಂಬ ಎರಡರೊಡನೆ ಪಕ್ಷವೆಂಬ ಮೂರನೆಯ ಒಡೆಯನೂ ಸೇರಿ, ಹಳೆಯ ಪ್ರಶ್ನೆಯು ಇನ್ನಷ್ಟು ಜಟಿಲವಾಗಿದೆ. ತನ್ನನ್ನು ಬಿಟ್ಟುಕೊಟ್ಟ ಬರ್ಕನಿಗೆ ಬ್ರಿಸ್ಟಲ್ ಪಟ್ಟಣವು 1894ರಲ್ಲಿ ಪ್ರತಿಮೆಯನ್ನು ನಿಲ್ಲಿಸಿತು. ಅವನು ಮತದಾರರಿಂದ ಕೇಳಿದುದು ಪ್ರತಿಮೆಯನ್ನಲ್ಲ, ಕಾಲಾವಕಾಶವನ್ನು. ಅದು ಅವನಿಗೆ ದೊರೆಯಲು 114 ವರ್ಷಗಳು ಹಿಡಿದುವು.